ಹಸು ಗುಂಡಗಿದೆ ಎಂದುಕೊಳ್ಳೋಣ

ಭೌತವಿಜ್ಞಾನಿಗಳ ಬಗ್ಗೆ ಒಂದು ಹಳೆಯ ತಮಾಷೆ ಇದೆ. ಹಸು ಹಾಲು ಕಡಿಮೆ ಕೊಡುತ್ತಿದೆ ಎಂದು ಹೈನುಗಾರನೊಬ್ಬ ಭೌತವಿಜ್ಞಾನಿಯ ಸಲಹೆ ಕೇಳಿದನಂತೆ. ವಾರಗಟ್ಟಲೆ ಲೆಕ್ಕ ಹಾಕಿದ ವಿಜ್ಞಾನಿ ಬಂದು, "ಉತ್ತರ ಸಿಕ್ಕಿತು. ಆದರೆ ಅದು ನಿರ್ವಾತದಲ್ಲಿರುವ ಗೋಳಾಕಾರದ ಹಸುವಿಗೆ ಮಾತ್ರ" ಎಂದರಂತೆ! ಗಾಳಿಯೇ ಇಲ್ಲದ ಕಡೆ ಚೆಂಡಿನಂಥ ಹಸು. ಕರೆಯುವವರು ಯಾರೋ! ಜಾನ್ ಹಾರ್ಟ್ ಎಂಬ ಅಮೆರಿಕದ ವಿಜ್ಞಾನಿ ಪರಿಸರದ ಲೆಕ್ಕಗಳ ಪುಸ್ತಕ ಬರೆದಾಗ ಅದರ ಹೆಸರಿನಲ್ಲೇ ಈ ಗುಂಡು ಹಸುವನ್ನು ಸೇರಿಸಿದರು.

ಮಕ್ಕಳೇ, ನಮ್ಮ ಪಾಠಪುಸ್ತಕವೂ ಕಡಿಮೆಯೇನಲ್ಲ. ಅದರಲ್ಲಿ ಹಗ್ಗಕ್ಕೆ ತೂಕವಿಲ್ಲ, ರಾಟೆಗೆ ಘರ್ಷಣೆಯಿಲ್ಲ. ಬಾವಿಯಿಂದ ನೀರು ಸೇದಿದವರಿಗೆ ಗೊತ್ತು, ಅಂಥ ರಾಟೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. "ಗಾಳಿಯ ಅಡ್ಡಿಯನ್ನು ಕಡೆಗಣಿಸಿ" ಎಂಬ ಮಾತಂತೂ ಮತ್ತೆ ಮತ್ತೆ ಬರುತ್ತೆ. ಕಡೆಗಣಿಸಿದರೆ ಏನಾಗುತ್ತದೆ? ಲೆಕ್ಕ ಮಾಡಿಯೇ ನೋಡೋಣ.

20 ಮೀಟರ್ ಎತ್ತರದ ಮರದಿಂದ ಒಂದೂವರೆ ಕಿಲೋ ತೂಕದ ತೆಂಗಿನಕಾಯಿ ಬಿತ್ತು. ಗುರುತ್ವ ವೇಗೋತ್ಕರ್ಷ 10 ಇರಲಿ (ನಿಜಕ್ಕೂ 9.8, ಇದೂ ಒಂದು ಗುಂಡು ಹಸುವೇ). ನೆಲ ಮುಟ್ಟುವಾಗ ವೇಗದ ವರ್ಗ 2 × 10 × 20 = 400. ಅಂದರೆ ವೇಗ ಸೆಕೆಂಡಿಗೆ 20 ಮೀಟರ್. ಗಾಳಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 19 ಬರುತ್ತದೆ. ತಲೆ ಮೇಲೆ ಬಿದ್ದವನಿಗೆ ಆ ಒಂದು ಮೀಟರಿನಿಂದ ಏನೂ ಸಮಾಧಾನವಿಲ್ಲ!

ಅದೇ ಸೂತ್ರವನ್ನು 2000 ಮೀಟರ್ ಎತ್ತರದ ಮೋಡದಿಂದ ಬೀಳುವ ಮಳೆಹನಿಗೆ ಹಚ್ಚಿ. ವೇಗದ ವರ್ಗ 40,000. ವೇಗ ಸೆಕೆಂಡಿಗೆ 200 ಮೀಟರ್, ಗಂಟೆಗೆ 720 ಕಿಲೋಮೀಟರ್! ಹಾಗಿದ್ದರೆ ಮಳೆಗಾಲದಲ್ಲಿ ಒಂದು ಕೊಡೆಯೂ ಉಳಿಯುತ್ತಿರಲಿಲ್ಲ. ನಿಜವಾಗಿ ದೊಡ್ಡ ಹನಿಯೂ ಬೀಳುವುದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ. ವೇಗ ಹೆಚ್ಚಿದಂತೆ ಗಾಳಿಯ ಅಡ್ಡಿಯೂ ಹೆಚ್ಚುತ್ತದೆ. ಅದು ಹನಿಯ ತೂಕಕ್ಕೆ ಸಮವಾದ ಕೂಡಲೇ ವೇಗ ಏರುವುದು ನಿಲ್ಲುತ್ತದೆ. ಹನಿ ಹಗುರ, ಬೇಗ ಸಮವಾಗುತ್ತದೆ. ತೆಂಗಿನಕಾಯಿಗಾದರೋ, ನೆಲ ಮುಟ್ಟುವ ಹೊತ್ತಿಗೂ ಗಾಳಿಯ ಅಡ್ಡಿ ಅದರ ತೂಕದ ಸುಮಾರು ಕಾಲು ಭಾಗವಷ್ಟೇ.

ತಮಾಷೆ ಏನು ಗೊತ್ತಾ? ಹಸುವಿಗೆ ಒಪ್ಪದ ಗೋಳದ ಆಕಾರ ಸಣ್ಣ ಮಳೆಹನಿಗೆ ಚೆನ್ನಾಗಿಯೇ ಒಪ್ಪುತ್ತದೆ. ಚಿತ್ರಗಳಲ್ಲಿ ಬಿಡಿಸುವ ಚೂಪುಬಾಲದ ಹನಿಯೇ ಸುಳ್ಳು.

ಕಣದಲ್ಲಿ ಜೋಳ ತೂರುವುದನ್ನು ನೋಡಿದ್ದೀರಾ? ಕಾಳು ಕಾಲ ಬುಡಕ್ಕೆ, ಹೊಟ್ಟು ಮಾರು ದೂರಕ್ಕೆ. ಕಾಳು ಎಷ್ಟು ಹೊತ್ತಿನಲ್ಲಿ ನೆಲ ಸೇರುತ್ತದೆ ಎಂದು ಕೇಳಿದರೆ ಗಾಳಿಯನ್ನು ಮರೆತು ಲೆಕ್ಕ ಹಾಕಬಹುದು. ಹೊಟ್ಟಿನ ಲೆಕ್ಕದಲ್ಲಿ ಮರೆತರೆ ಅದೂ ಕಾಳಿನ ರಾಶಿಗೇ ಬಂದು ಬೀಳುತ್ತದೆ.