ಗಿರಣಿ ಮುಳುಗಿದರೂ ಹೊಲ ಉಳಿಯಬೇಕೆ? ರೈತರು ಕಂಪನಿ ಕಟ್ಟುವ ಬಗೆ



ಊರಿನ ನಾಲ್ವರು ಸೇರಿ ಶೇಂಗಾ ಎಣ್ಣೆಯ ಗಿರಣಿ ಹಾಕಿದಿರಿ ಎನ್ನಿ. ಪಾಲುದಾರಿಕೆಯ ಕರಾರು ಆಯಿತು, ಪೂಜೆಯೂ ಆಯಿತು. ಎರಡು ವರ್ಷ ಮಳೆ ಕೈಕೊಟ್ಟಿತು. ಗಿರಣಿಗೆ ಕಾಯಿ ಬರಲಿಲ್ಲ, ಸಾಲದ ಕಂತು ಮಾತ್ರ ಬಂತು. ಇಬ್ಬರು ಕೈಚೆಲ್ಲಿ ಕುಳಿತರು. ಆಗ ಸಾಲ ಕೊಟ್ಟವರು ಯಾರ ಮನೆಗೆ ಬರುತ್ತಾರೆ? ಯಾರ ಹೆಸರಿನಲ್ಲಿ ಜಮೀನಿದೆಯೋ ಅವರ ಮನೆಗೆ. 1932ರ ಪಾಲುದಾರಿಕೆ ಕಾಯಿದೆಯಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ನನ್ನದು ನಾಲ್ಕಾಣೆ ಪಾಲು ಮಾತ್ರ ಎಂಬ ಮಾತು ಅಲ್ಲಿ ನಡೆಯದು.

ಇದಕ್ಕೆ ಪರಿಹಾರವೆಂದರೆ ಸೀಮಿತ ಹೊಣೆಯ ಕಂಪನಿ. ಕಾನೂನಿನ ಕಣ್ಣಿಗೆ ಕಂಪನಿ ನಿಮ್ಮಿಂದ ಬೇರೆಯೇ ಆದ ವ್ಯಕ್ತಿ ಇದ್ದಂತೆ. ಗಿರಣಿ ಅದರದು, ಸಾಲವೂ ಅದರದು. ಒಂದು ಸಾವಿರ ರೂಪಾಯಿಯ ಷೇರು ಕೊಂಡು ಹಣ ಪೂರ್ತಿ ಕಟ್ಟಿದ್ದರೆ, ಕಂಪನಿ ಮುಳುಗಿದರೂ ಷೇರುದಾರರಾಗಿ ನಿಮಗೆ ಹೋಗುವುದು ಆ ಸಾವಿರವೇ.

ಇಬ್ಬರು ಸೇರಿದರೆ ಪ್ರೈವೇಟ್ ಲಿಮಿಟೆಡ್ ಕಂಪನಿ ಕಟ್ಟಬಹುದು. 2013ರ ಕಂಪನಿ ಕಾಯಿದೆಯಲ್ಲಿ ಒಬ್ಬರೇ ಕಟ್ಟಲೂ ಅವಕಾಶವಿದೆ. ಆದರೆ ರೈತರಿಗೆ ಹೆಚ್ಚು ಒಪ್ಪುವುದು ಉತ್ಪಾದಕರ ಕಂಪನಿ, ಅಂದರೆ ಪ್ರೊಡ್ಯೂಸರ್ ಕಂಪನಿ. 2002ರ ತಿದ್ದುಪಡಿಯಿಂದ ಬಂದ ಈ ಏರ್ಪಾಡಿನಲ್ಲಿ ಕನಿಷ್ಠ ಹತ್ತು ಮಂದಿ ಬೆಳೆಗಾರರು ಬೇಕು. ನಿರ್ದೇಶಕರು ಐವರಿಗೆ ಕಡಿಮೆಯಿಲ್ಲದೆ, ಹದಿನೈದಕ್ಕೆ ಮೀರದೆ ಇರಬೇಕು. ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕರೊಬ್ಬರನ್ನೂ ನೇಮಿಸಬೇಕು. ಸದಸ್ಯರೆಲ್ಲ ಬಿಡಿ ರೈತರೇ ಆಗಿದ್ದರೆ, ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಬೆಳೆಗಾರನಲ್ಲದ ಮಂಡಿ ವ್ಯಾಪಾರಿ ಷೇರು ಕೊಂಡು ಒಳಗೆ ಬರುವಂತಿಲ್ಲ. ಷೇರಿನ ಮೇಲಿನ ಪ್ರತಿಫಲಕ್ಕೆ ಮಿತಿಯಿದೆ. ಅದನ್ನು ಕೊಟ್ಟು ಉಳಿದ ಲಾಭದಲ್ಲಿ, ಯಾರು ಎಷ್ಟು ಕಾಯಿ ಹಾಕಿದ್ದಾರೋ ಅದಕ್ಕೆ ತಕ್ಕಂತೆ ಬೋನಸ್ ಹಂಚಬಹುದು. ದುಡ್ಡಿದ್ದವನಿಗಿಂತ ದುಡಿದವನಿಗೆ ಲೇಸು ಎಂದೇ ಇದನ್ನು ಮೆಚ್ಚಬೇಕು.

ನೋಂದಣಿಗೆ ಈಗ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಅರ್ಜಿಯೆಲ್ಲ ಕಂಪ್ಯೂಟರಿನಲ್ಲೇ. ಪ್ಯಾನ್, ಆಧಾರ್, ಬೆಳೆಗಾರರೆಂಬುದಕ್ಕೆ ಪಹಣಿಯಂಥ ದಾಖಲೆ, ಕಚೇರಿಯ ವಿಳಾಸಕ್ಕೆ ಪುರಾವೆ, ನಿರ್ದೇಶಕರ ಡಿಜಿಟಲ್ ಸಹಿ ಬೇಕು. ಪಟ್ಟಣದ ಚಾರ್ಟರ್ಡ್ ಅಕೌಂಟೆಂಟರೋ ಕಂಪನಿ ಸೆಕ್ರೆಟರಿಯೋ ಇದನ್ನು ಮಾಡಿಕೊಡುತ್ತಾರೆ. ಕಂಪನಿಯ ಉದ್ದೇಶ ಮತ್ತು ನಿಯಮಗಳ ಪತ್ರಗಳನ್ನು ಮಾತ್ರ ಕನ್ನಡದಲ್ಲಿ ಓದಿಸಿ ಕೇಳಿ, ಅರ್ಥವಾದ ಮೇಲೆಯೇ ಸಹಿ ಹಾಕಿ.

ಇನ್ನು ಎಚ್ಚರಿಕೆಯ ಮಾತು. ಹೊಸ ಕಂಪನಿಗೆ ಸಾಲ ಕೊಡುವಾಗ ನಿರ್ದೇಶಕರ ಸ್ವಂತ ಜಾಮೀನು ಕೇಳುವುದು ಬ್ಯಾಂಕುಗಳ ವಾಡಿಕೆ. ಆ ಕಾಗದಕ್ಕೆ ಸಹಿ ಬಿತ್ತೋ, ಸೀಮಿತ ಹೊಣೆ ಅಲ್ಲಿಗೆ ಮುಗಿಯಿತು. ಆ ಸಾಲಕ್ಕೆ ನೀವೂ ಹೊಣೆ. ಹೊಲವನ್ನೇ ಅಡವಿಟ್ಟರಂತೂ ಕೇಳುವುದೇ ಬೇಡ. ಕಂಪನಿ ಇದೆಯಲ್ಲ ಎಂಬ ಧೈರ್ಯದಲ್ಲಿ ಮುಂದೆ ಇಟ್ಟ ಕಾಗದಕ್ಕೆಲ್ಲ ಸಹಿ ಹಾಕುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಯಂತ್ರವನ್ನಷ್ಟೇ ಅಡವಿಟ್ಟು ಸಾಲ ಸಿಕ್ಕೀತೇ, ಸರಕಾರದ ಸಾಲ ಖಾತರಿ ಯೋಜನೆ ಅನ್ವಯಿಸೀತೇ ಎಂದು ಮೊದಲು ವಿಚಾರಿಸಿ.

ಎರಡನೆಯ ತೊಡಕು ವರ್ಷವರ್ಷದ ಲೆಕ್ಕ. ಗಿರಣಿ ಬಾಗಿಲು ಹಾಕಿದ್ದರೂ ಕಂಪನಿಯ ಲೆಕ್ಕಪರಿಶೋಧನೆ, ಮಹಾಸಭೆ ತಪ್ಪವು. ಲೆಕ್ಕಪತ್ರ ಮತ್ತು ವಾರ್ಷಿಕ ವಿವರಪಟ್ಟಿ ಎರಡನ್ನೂ ಗಡುವಿನೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. 2018ರ ಜುಲೈಯಿಂದ ತಡವಾದ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕವಿದೆ. ಎರಡೂ ನಮೂನೆ ಒಂದು ವರ್ಷ ತಡವಾದರೆ 73,000 ರೂಪಾಯಿ! ಒಂದು ಜೊತೆ ಎತ್ತಿನ ದುಡ್ಡು ಬರೀ ಮರೆವಿಗೆ ಹೋದಂತೆ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಹೆಸರಿಗೆ ಮಾತ್ರ ನಿರ್ದೇಶಕರಾಗಲು ಹೊರಟ ಹಿರಿಯರೂ, ಮನೆಯವರ ಒತ್ತಾಯಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳೂ ಇದನ್ನು ತಿಳಿದಿರಲಿ.

ಆದ್ದರಿಂದ ನೋಂದಣಿಗೆ ಮುಂಚೆಯೇ ಅಕೌಂಟೆಂಟರನ್ನು ಕೇಳಿ, ಪ್ರತಿವರ್ಷದ ಖರ್ಚು ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ಅದನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ ನೋಡಿ. ತಲೆಗೆ ಬೀಳುವ ಮೊತ್ತ ಹತ್ತು ಮಂದಿಗೆ ಭಾರವೆನಿಸಿದರೆ, ಪಕ್ಕದ ಹಳ್ಳಿಯ ಬೆಳೆಗಾರರನ್ನೂ ಕರೆದು ಮಾತಾಡಿ.