ಟಿವಿ ಪಕ್ಕದಲ್ಲಿ ನಿಂತ ಮಾಸ್ತರರು

ಮಕ್ಕಳೇ, ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು ಯಾವಾಗ ಗೊತ್ತೇ? 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ರಾಜ್ಯದ ಕೆಲವು ಹಳ್ಳಿಗಳ ಮಕ್ಕಳು ಶಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತು ಟಿವಿ ನೋಡುತ್ತಿದ್ದರು. ಅದೂ ಕನ್ನಡದಲ್ಲಿ. ರಾಜಧಾನಿಯ ಶ್ರೀಮಂತರ ಮನೆಯಲ್ಲೂ ಇಲ್ಲದ ವಸ್ತು ರಾಯಚೂರು ಕಡೆಯ ಹಳ್ಳಿ ಶಾಲೆಗೆ ಮೊದಲು ಹೋಯಿತು. ಆಗ ಎಂಟು ಹತ್ತು ವರ್ಷದವರಾಗಿದ್ದ ಆ ಹುಡುಗ ಹುಡುಗಿಯರಿಗೆ ಈಗ ಅರವತ್ತರ ಆಸುಪಾಸು. ಈ ಪತ್ರಿಕೆ ಓದುತ್ತಿರುವ ಅಜ್ಜ ಅಜ್ಜಿಯರಲ್ಲೂ ಅಂಥವರು ಇರಬಹುದು.

ಆ ಯೋಜನೆಯ ಹೆಸರು ‘ಸೈಟ್’. ಉಪಗ್ರಹದ ಮೂಲಕ ಟಿವಿಯಲ್ಲಿ ಶಿಕ್ಷಣ ಕೊಡುವ ಪ್ರಯೋಗ ಎಂದು ಅದರ ಅರ್ಥ. 1975ರ ಆಗಸ್ಟ್ 1ರಂದು ಶುರುವಾಗಿ 1976ರ ಜುಲೈ 31ಕ್ಕೆ ಮುಗಿಯಿತು, ಸರಿಯಾಗಿ ಒಂದು ವರ್ಷ. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಇದಕ್ಕಾಗಿ ಆರಿಸಿದ್ದರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಇಂದಿನ ಯಾದಗಿರಿ, ಕೊಪ್ಪಳ, ಬಾಗಲಕೋಟೆಗಳೂ ಆಗ ಇವುಗಳ ಒಳಗೇ ಇದ್ದವು. ಹಿಂದುಳಿದ ಊರುಗಳಿಗೇ ಮೊದಲು ಹೋಗಬೇಕು ಎಂಬುದು ಲೆಕ್ಕಾಚಾರವಾಗಿತ್ತು. ಹೊಸದೇನು ಬಂದರೂ ಮೊದಲು ಪಟ್ಟಣಕ್ಕೆ, ಉಳಿದರೆ ಹಳ್ಳಿಗೆ ಎಂಬ ಪದ್ಧತಿ ಒಮ್ಮೆಯಾದರೂ ತಿರುವುಮುರುವಾದದ್ದು ಆ ವರ್ಷ.

ಇದರ ಹಿಂದಿದ್ದ ಕನಸು ವಿಕ್ರಮ್ ಸಾರಾಭಾಯಿ ಅವರದು. ಅವರ ಕಾಲದಲ್ಲೇ, 1969ರಲ್ಲಿ, ಅಮೆರಿಕದ ನಾಸಾ ಸಂಸ್ಥೆಯ ಜೊತೆ ಒಪ್ಪಂದವಾಗಿತ್ತು. ಆದರೆ ಅವರು 1971ರ ಡಿಸೆಂಬರ್‌ನಲ್ಲೇ ತೀರಿಕೊಂಡರು. ಹಳ್ಳಿಯಲ್ಲಿ ಟಿವಿ ಹೊತ್ತಿದ್ದನ್ನು ಅವರು ನೋಡಲಿಲ್ಲ.

ನಮ್ಮ ಬಳಿ ಆಗ ಇಂಥ ಉಪಗ್ರಹ ಇರಲಿಲ್ಲ. ನಾಸಾದ ‘ಎಟಿಎಸ್-6’ ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದರು. ಅದನ್ನು ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ತಂದು ನಿಲ್ಲಿಸಿದರು. ಆ ಎತ್ತರದಲ್ಲಿ ಉಪಗ್ರಹ ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ನಮಗೆ ಅದು ಒಂದೇ ಕಡೆ ನಿಂತಂತೆ. ಈ ಉಪಗ್ರಹದ ವಿಶೇಷ ಅದರ ಕೊಡೆಯಲ್ಲಿತ್ತು. ಒಂಬತ್ತು ಮೀಟರ್ ಅಗಲದ ಆಂಟೆನಾ! ರಾಕೆಟ್ಟಿನಲ್ಲಿ ಹೋಗುವಾಗ ಮಡಚಿಕೊಂಡಿದ್ದು, ಬಾಹ್ಯಾಕಾಶಕ್ಕೆ ಹೋದ ಮೇಲೆ ಬಿಚ್ಚಿಕೊಂಡಿತು. ಮೇಲಿನ ಕೊಡೆ ಅಷ್ಟು ದೊಡ್ಡದಿದ್ದದ್ದರಿಂದ ಕೆಳಗೆ ಹಳ್ಳಿಯಲ್ಲಿ ಮೂರು ಮೀಟರ್ ಅಗಲದ ಚಿಕ್ಕ ಕೊಡೆ ಸಾಕಾಯಿತು. ಅದಕ್ಕೆ ಹೊದಿಸಿದ್ದು ಏನು ಎಂದುಕೊಂಡಿರಿ? ಕೋಳಿಗೂಡಿಗೆ ಕಟ್ಟುವಂಥ ತಂತಿ ಜಾಲರಿ. ಈಗ ಮನೆಮನೆಯ ಮಾಳಿಗೆ ಮೇಲೆ ಕಾಣುವ ಡಿಶ್‌ಗಳಿಗೆಲ್ಲ ಆ ಜಾಲರಿ ಕೊಡೆಯೇ ಮುತ್ತಾತ.

(ಇಂಥದೇ ಒಂದು ಕೊಡೆಯನ್ನು ಇಸ್ರೋದವರು ಶ್ರೀಲಂಕಾದಲ್ಲಿ ನೆಲೆಸಿದ್ದ ವಿಜ್ಞಾನ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಮನೆಗೂ ಹಾಕಿಕೊಟ್ಟರು. ಹೀಗೆ ನಿಂತಲ್ಲೇ ನಿಂತಂತೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಸಂದೇಶ ಕಳಿಸಬಹುದು ಎಂದು 1945ರಲ್ಲೇ ಬರೆದವರು ಅವರು.)

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ಆ ಹೊತ್ತನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ಎಂದು ನಾಲ್ಕು ಭಾಷೆಗಳಿಗೆ ಹಂಚಿದ್ದರು. ಒಂದೊಂದಕ್ಕೆ ಇಪ್ಪತ್ತೆರಡೂವರೆ ನಿಮಿಷ. ಅಷ್ಟೇ! ಈಗ ಒಂದು ಕಾರ್ಟೂನ್ ನೋಡಿ ಮುಗಿಸುವಷ್ಟು ಹೊತ್ತು.

ಯಂತ್ರದ ಕತೆ ಇಷ್ಟು. ನನಗೆ ಯಂತ್ರಕ್ಕಿಂತ ಹೆಚ್ಚಿನದೆನಿಸುವುದು ಅದರ ಸುತ್ತ ಅವರು ಮಾಡಿದ ಏರ್ಪಾಡು. ಟಿವಿ ಯಾರ ಮನೆಗೂ ಹೋಗಲಿಲ್ಲ. ಶಾಲೆ, ಪಂಚಾಯಿತಿ ಕಟ್ಟೆಯಂಥ ಎಲ್ಲರೂ ಬರಬಹುದಾದ ಜಾಗಕ್ಕೆ ಹೋಯಿತು. ಪ್ರತಿ ಊರಿನಲ್ಲೂ ಅದನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಿದ್ದರು. ಎಷ್ಟೋ ಕಡೆ ಅವರು ಶಾಲೆಯ ಮಾಸ್ತರರೇ. ಹೊತ್ತಿಗೆ ಸರಿಯಾಗಿ ಗುಂಡಿ ಒತ್ತುವುದು, ಕೆಟ್ಟರೆ ಸುದ್ದಿ ಮುಟ್ಟಿಸುವುದು ಅವರ ಕೆಲಸ. ಸುದ್ದಿ ಮುಟ್ಟಿದರೆ ರಿಪೇರಿಯವರು ಜೀಪಿನಲ್ಲಿ ಬರುತ್ತಿದ್ದರು. ಜೊತೆಗೆ, ರಜೆಯ ದಿನಗಳಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗ್ಗೆ ತರಬೇತಿಯೂ ಆಯಿತು. ಅದಕ್ಕೂ ಅದೇ ಟಿವಿ.

ಏಕೆ ಇಷ್ಟೆಲ್ಲ? ಟಿವಿ ಮಾತಾಡುತ್ತದೆ, ಆದರೆ ಕೇಳಿಸಿಕೊಳ್ಳುವುದಿಲ್ಲ. ಮಳೆ ಹೇಗೆ ಬರುತ್ತದೆ ಎಂದು ಅದು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಗೆ, “ಹಂಗಾದ್ರ ನಮ್ಮೂರಾಗ ಯಾಕ ಬರವಲ್ತು?” ಎಂಬ ಪ್ರಶ್ನೆ ಹುಟ್ಟಿದರೆ ಉಪಗ್ರಹಕ್ಕೆ ಅದು ಕೇಳಿಸದು. ಕೇಳಿಸಿಕೊಳ್ಳಲು ಪಕ್ಕದಲ್ಲಿ ಮಾಸ್ತರರೇ ಬೇಕು.

ವರ್ಷ ಮುಗಿಯಿತು, ಎರವಲು ತಂದ ಉಪಗ್ರಹ ತಿರುಗಿ ಅವರ ಕಡೆಗೆ ಹೋಯಿತು. ಆದರೆ ರುಚಿ ಹತ್ತಿತ್ತು. 1977ರಲ್ಲಿ ಗುಲ್ಬರ್ಗದಲ್ಲೇ ನೆಲದ ಮೇಲಿನ ಟಿವಿ ಕೇಂದ್ರ ಬಂತು, ಆಗಲೂ ಬೆಂಗಳೂರಿಗಿಂತ ಮೊದಲು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಎಂಬ ನಮ್ಮದೇ ಉಪಗ್ರಹ ಹಾರಿಸಿತು. ಅದರ ಪಾಠಗಳು ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಬಂದವು.

ಇಷ್ಟರ ನಡುವೆ ದೆಹಲಿಯಲ್ಲಿ ಒಂದು ತಮಾಷೆ ನಡೆಯಿತು. 1999ರಲ್ಲಿ ಸುಗತ ಮಿತ್ರ ಎಂಬ ವಿಜ್ಞಾನಿ ತಮ್ಮ ಕಚೇರಿಯ ಕಾಂಪೌಂಡ್ ಗೋಡೆಗೆ ತೂತು ಕೊರೆದು ಒಂದು ಕಂಪ್ಯೂಟರ್ ಕೂರಿಸಿದರು. ಗೋಡೆಯ ಆಚೆ ಕಾಲ್ಕಾಜಿಯ ಕೊಳೆಗೇರಿ. ಹೇಳಿಕೊಡುವವರು ಯಾರೂ ಇಲ್ಲ. ಅಲ್ಲಿನ ಮಕ್ಕಳು ತಾವೇ ತಡವಿ, ಒಬ್ಬರಿಗೊಬ್ಬರು ತೋರಿಸಿ, ಕೆಲವೇ ದಿನಗಳಲ್ಲಿ ಅದನ್ನು ನಡೆಸಲು ಕಲಿತರು. ಇಂಗ್ಲಿಷ್ ಪದಗಳು ಗೊತ್ತಿಲ್ಲದ್ದರಿಂದ ತಮ್ಮದೇ ಹೆಸರಿಟ್ಟುಕೊಂಡರು. ಪರದೆಯ ಮೇಲೆ ಓಡಾಡುವ ಬಾಣದ ಗುರುತು ಅವರಿಗೆ ‘ಸೂಜಿ’ಯಾಯಿತು. ಸ್ವಲ್ಪ ಕಾಯಿರಿ ಎನ್ನುವ ಮರಳುಗಡಿಯಾರ ‘ಡಮರು’ವಾಯಿತು, ಶಿವನ ಕೈಲಿರುತ್ತದಲ್ಲ, ಅದೇ.

ಇದನ್ನು ಕೇಳಿದ ಕೆಲವರು, “ಹಾಗಾದರೆ ಮೇಷ್ಟರೇ ಬೇಡ, ಯಂತ್ರ ಕೊಟ್ಟರೆ ಸಾಕು” ಎಂದುಬಿಟ್ಟರು. ನನಗೆ ಇದು ಅವಸರದ ಮಾತು ಎನ್ನಿಸುತ್ತದೆ. ಅದಕ್ಕೆ ಮಿತ್ರ ಅವರ ಮುಂದಿನ ಪ್ರಯೋಗವೇ ಸಾಕ್ಷಿ. ಕಲಿಕುಪ್ಪಂ ಎಂಬ ಕರಾವಳಿ ಹಳ್ಳಿಯಲ್ಲಿ ತಮಿಳು ಮಾತಾಡುವ ಮಕ್ಕಳ ಮುಂದೆ ಅವರು ಜೀವಕೋಶದೊಳಗಿನ ಡಿಎನ್ಎ ಕುರಿತ ಕಷ್ಟದ ಪಾಠವಿದ್ದ ಕಂಪ್ಯೂಟರ್ ಇಟ್ಟರು. ಪಾಠ ಇದ್ದದ್ದು ಇಂಗ್ಲಿಷಿನಲ್ಲಿ. ಏನೂ ಗೊತ್ತಿಲ್ಲದಿದ್ದ ಮಕ್ಕಳು ತಾವೇ ಒದ್ದಾಡಿ ನೂರಕ್ಕೆ ಮೂವತ್ತರ ಹತ್ತಿರ ಬಂದರು. ಅಲ್ಲಿಗೆ ನಿಂತರು. ಆಮೇಲೆ ಮಕ್ಕಳಿಗೆ ಪರಿಚಯವಿದ್ದ ಒಬ್ಬ ಅಕ್ಕನನ್ನು ಜೊತೆಗೆ ಕೂರಿಸಿದರು. ಆಕೆಗೆ ಆ ವಿಷಯ ಗೊತ್ತೇ ಇರಲಿಲ್ಲ. ಆಕೆ ಮಾಡಬೇಕಿದ್ದದ್ದು ಇಷ್ಟೇ: ಹಿಂದೆ ನಿಂತು ನೋಡುವುದು, “ಇದೇನಿದು? ಹೇಗೆ ಗೊತ್ತಾಯಿತು ನಿನಗೆ?” ಎಂದು ಕೇಳುವುದು, ಮೆಚ್ಚುವುದು. ಅಂಕ ಐವತ್ತರ ಹತ್ತಿರಕ್ಕೆ ಏರಿತು.

ಮಿತ್ರ ಈ ಉಪಾಯಕ್ಕೆ ಕೊಟ್ಟ ಹೆಸರು ಏನು ಗೊತ್ತೇ? ಅಜ್ಜಿಯ ವಿಧಾನ! ಮೊಮ್ಮಗು ಏನು ಮಾಡಿದರೂ ಕಣ್ಣರಳಿಸಿ ನೋಡುವುದು ಅಜ್ಜಿಯಲ್ಲವೇ. ಮುಂದೆ ಇಂಗ್ಲೆಂಡಿನ ಅಜ್ಜಿಯರು, ನಿವೃತ್ತ ಶಿಕ್ಷಕರು ಮುಂತಾದವರು ವಿಡಿಯೋ ಕರೆ ಮಾಡಿ ನಮ್ಮ ದೇಶದ ಮಕ್ಕಳ ಜೊತೆ ಹರಟೆ ಹೊಡೆಯುವ, ಕತೆ ಓದುವ ಕೂಟವೂ ಹುಟ್ಟಿಕೊಂಡಿತು. ಅತ್ತ ಗೋಡೆಯ ಕಂಪ್ಯೂಟರ್‌ಗಳು? ಉತ್ತರಾಖಂಡದ ಬೆಟ್ಟದೂರುಗಳಲ್ಲಿ ಇಟ್ಟವನ್ನು ಕೆಲವು ವರ್ಷಗಳ ನಂತರ ಸಂಶೋಧಕಿಯೊಬ್ಬರು ಹುಡುಕಿಕೊಂಡು ಹೋದಾಗ ಅವು ನಿಂತುಹೋಗಿದ್ದವು. ತೂತು ಕೊರೆಯಲು ಜನ ಸಿಕ್ಕಿದ್ದರು, ಕಾಯಲು ಸಿಕ್ಕಿರಲಿಲ್ಲ.

ಕೊರೊನಾ ಕಾಲ ನಿಮಗೂ ನೆನಪಿರಬೇಕು, ಚಿಕ್ಕವರಾಗಿದ್ದರೆ ಅಪ್ಪ ಅಮ್ಮನನ್ನು ಕೇಳಿ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠವೆಲ್ಲ ಫೋನಿಗೆ ಬಂತು. ಮನೆಯಲ್ಲಿ ಫೋನು ಒಂದೇ, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಹೊಲದಲ್ಲಿ. ಇಬ್ಬರು ಮೂವರು ಮಕ್ಕಳಿದ್ದ ಕಡೆ ಒಂದು ಫೋನಿಗೆ ಜಗಳ. ಎಷ್ಟೋ ಮನೆಗಳಲ್ಲಿ ತಮ್ಮನಿಗೆ ಫೋನು, ಅಕ್ಕನಿಗೆ ಪಾತ್ರೆ. ಸಿಗ್ನಲ್ ಹುಡುಕಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದರು. ಆಗ ಕೈಹಿಡಿದದ್ದು ಹಳೆಯ ಟಿವಿಯೇ. ಚಂದನದಲ್ಲಿ ಪಾಠ ಬಂದವು. ಇನ್ನೊಂದು ‘ವಿದ್ಯಾಗಮ’. ಶಿಕ್ಷಕರು ಊರಿಗೇ ಹೋಗಿ ಗುಡಿಯ ಜಗಲಿ, ಸಮುದಾಯ ಭವನ, ಮರದ ನೆರಳಲ್ಲಿ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಸೈಟ್ ಕಾಲದಲ್ಲಿ ಊರಿಗೊಂದು ಪರದೆ ಇತ್ತು, ಅದು ಎಲ್ಲರದಾಗಿತ್ತು. ನಮ್ಮ ಕಾಲದಲ್ಲಿ ಕೈಗೊಂದು ಪರದೆ ಬಂದಿದೆ, ಇಲ್ಲದವರ ಕೈ ಖಾಲಿಯೇ ಉಳಿದಿದೆ. ಆದ್ದರಿಂದಲೇ ಶಾಲೆಯಲ್ಲಿ ಕಂಪ್ಯೂಟರ್ ಇರಬೇಕು, ಇಂಟರ್ನೆಟ್ ಇರಬೇಕು ಎಂದು ಕೇಳುವುದು. ಮನೆಯಲ್ಲಿ ಇಲ್ಲದ ಮಗುವಿಗೆ ಅದು ಸಿಗುವ ಜಾಗ ಶಾಲೆಯೊಂದೇ.

ಕೇಂದ್ರ ಶಿಕ್ಷಣ ಸಚಿವಾಲಯದ 2023-24ರ ಲೆಕ್ಕದಂತೆ ದೇಶದ ನೂರು ಶಾಲೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಸುಮಾರು 57ರಲ್ಲಿ, ಇಂಟರ್ನೆಟ್ ಇದ್ದದ್ದು ಸುಮಾರು 54ರಲ್ಲಿ. ಇಲ್ಲದ ಕಡೆ ತರಿಸಬೇಕು, ಸರಿ. ಇದ್ದ ಕಡೆ? ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತ ಕಂಪ್ಯೂಟರ್, ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾದ ಪ್ರೊಜೆಕ್ಟರ್, ಇವು ಎಷ್ಟು ಊರುಗಳಲ್ಲಿಲ್ಲ! ಮಕ್ಕಳು ಮುಟ್ಟಿದರೆ ಕೆಡುತ್ತದೆ ಎಂಬ ಭಯ ಒಂದು, ಕೆಟ್ಟರೆ ಉತ್ತರ ಹೇಳಬೇಕಾದವರು ತಾವೇ ಎಂಬ ಭಯ ಇನ್ನೊಂದು. ಶಿಕ್ಷಕರನ್ನು ಬೈದು ಪ್ರಯೋಜನವಿಲ್ಲ. ಸೈಟ್ ಕಾಲದ ಮಾಸ್ತರರ ಬೆನ್ನ ಹಿಂದೆ ಜೀಪಿತ್ತು. ಇವರ ಹಿಂದೆ ಯಾರಿದ್ದಾರೆ?

ಇಲ್ಲಿ ಅಜ್ಜ ಅಜ್ಜಿಯರಿಗೆ ಕೆಲಸವಿದೆ. ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇರುತ್ತದೆ, ಅದರಲ್ಲಿ ಮಕ್ಕಳ ತಂದೆ ತಾಯಿಯರೇ ಸದಸ್ಯರು. ನಿಮ್ಮ ಮಗನೋ ಸೊಸೆಯೋ ಸಭೆಗೆ ಹೊರಟಾಗ ಎರಡು ಪ್ರಶ್ನೆ ಕಟ್ಟಿಕೊಡಿ: ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಬಳಿ ಇದೆ? ನಾಲ್ಕನೆಯ ತರಗತಿಯ ಮಗು ವಾರಕ್ಕೆ ಎಷ್ಟು ಹೊತ್ತು ಅದರ ಮುಂದೆ ಕೂರುತ್ತದೆ? ಬ್ಯಾಟರಿ ಹಾಕಿಸಲು ದಾನಿಗಳು ಊರಿನಲ್ಲೇ ಇರಬಹುದು, ಕೇಳುವವರು ಬೇಕು.

ಮನೆಯಲ್ಲೂ ಇದೆ. ಪಠ್ಯಪುಸ್ತಕದಲ್ಲಿ ಪಾಠದ ಬಳಿ ಕಪ್ಪು ಬಿಳಿ ಚೌಕುಳಿಯ ಒಂದು ಗುರುತು ಕಂಡಿರಬೇಕು. ಅದು ಕ್ಯೂಆರ್ ಕೋಡ್. 2017ರಲ್ಲಿ ಶುರುವಾದ ‘ದೀಕ್ಷಾ’ ಎಂಬ ಸರ್ಕಾರಿ ಆ್ಯಪ್ ತೆರೆದು ಆ ಗುರುತನ್ನು ಕ್ಯಾಮೆರಾಕ್ಕೆ ತೋರಿಸಿದರೆ, ಪಾಠಕ್ಕೆ ಸಂಬಂಧಿಸಿದ ವಿಡಿಯೋ, ಅಭ್ಯಾಸಗಳು ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ, ಡೇಟಾ ಮಾತ್ರ ಖರ್ಚು. ಅಜ್ಜಿಗೆ ಆ್ಯಪ್ ತೆರೆಯಲು ಬಾರದಿದ್ದರೆ ಮೊಮ್ಮಗಳು ತೆರೆಯಲಿ. ಅಜ್ಜಿಯ ಕೆಲಸ ಪಕ್ಕದಲ್ಲಿ ಕೂತು, “ಅದೇನೆ ಅದು, ನನಗೂ ಒಂಚೂರು ಹೇಳು” ಎನ್ನುವುದು. ವಿವರಿಸಲು ಹೊರಟಾಗಲೇ ಗೊತ್ತಾಗುತ್ತದೆ, ಅರ್ಥವಾದದ್ದು ಎಷ್ಟು, ಆಗದೆ ಉಳಿದದ್ದು ಎಷ್ಟು ಎಂದು. ಪಾಠದ ವಿಡಿಯೋ ಮುಗಿದು ಬೇರೇನೋ ಕುಣಿತ ಶುರುವಾದರೆ ಅದೂ ಪಕ್ಕದಲ್ಲಿ ಕೂತವರಿಗೆ ತಾನೇ ಕಾಣುವುದು!

ಫೋನೇ ಇಲ್ಲದ ಮನೆಯವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ನೋಡಿ. ಈಗ ಅದಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹಲವು ಕೇಂದ್ರಗಳಲ್ಲಿ ಕಂಪ್ಯೂಟರ್ ಕೂಡ ಇದೆ. ಬಾಗಿಲು ತೆರೆಯುವ ಹೊತ್ತು ಯಾವುದು ಎಂದು ಅಜ್ಜ ಬೆಳಗಿನ ವಾಕಿಂಗ್‌ನಲ್ಲಿ ನೋಡಿಕೊಂಡು ಬಂದರೆ ಅರ್ಧ ಕೆಲಸ ಮುಗಿದಂತೆ.

ಇನ್ನು, ನಿಮ್ಮೂರು ಕಲಬುರಗಿ, ರಾಯಚೂರು, ವಿಜಯಪುರದ ಸೀಮೆಯಲ್ಲಿದ್ದರೆ ಮಕ್ಕಳೇ, ಶಾಲೆಯ ಹಳೆಯ ದಾಸ್ತಾನು ಪುಸ್ತಕವನ್ನು ತೋರಿಸಿ ಎಂದು ನಿಮ್ಮ ಗುರುಗಳನ್ನು ಕೇಳಿ. ಬೆಂಚು, ಗಂಟೆ, ಭೂಪಟಗಳ ನಡುವೆ 1975ರ ಪುಟದಲ್ಲಿ ಒಂದು ಟಿವಿಯ ಹೆಸರು ಇದ್ದರೂ ಇರಬಹುದು. ಸಿಕ್ಕರೆ ಅದನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದು ಮನೆಯ ಹಿರಿಯರಲ್ಲಿ ವಿಚಾರಿಸಿ, ಬರೆದಿಟ್ಟುಕೊಳ್ಳಿ.