ಮನೆಯ ಉಸಿರುಗೊಳವೆ

ಮನೆ ಕಟ್ಟಿಸಿದವರು ತಲೆಬಾಗಿಲ ಕೆತ್ತನೆಯನ್ನು ಬಂದವರಿಗೆಲ್ಲ ತೋರಿಸುತ್ತಾರೆ. ತಾರಸಿಯ ಅಂಚಿನಲ್ಲಿ ಆಕಾಶಕ್ಕೆ ಬಾಯ್ದೆರೆದು ನಿಂತ ಕೊಳವೆಯನ್ನು ಯಾರೂ ತೋರಿಸುವುದಿಲ್ಲ. ಕೆಲಸದವರು ಅದನ್ನು ವೆಂಟ್ ಪೈಪು ಎನ್ನುತ್ತಾರೆ. ನಾನು ಉಸಿರುಗೊಳವೆ ಎನ್ನುತ್ತೇನೆ. ಅದು ಕಟ್ಟಿಕೊಂಡರೆ ಏನಾಗುತ್ತದೆ, ಬಿಡಿಸುವುದು ಹೇಗೆ ಎಂಬುದೇ ಈ ಹೊತ್ತಿನ ನನ್ನ ಮಾತು.

ಶೌಚದ ಬೋಗುಣಿಯ ಕೆಳಗೂ ಬಚ್ಚಲ ತೂಬಿನ ಕೆಳಗೂ ಬಾಗಿದ ಕೊಳವೆಯೊಂದಿರುತ್ತದೆ. ಆ ಬಾಗಿನಲ್ಲಿ ಸುಮಾರು 2 ಅಂಗುಲ ನೀರು ಸದಾ ನಿಂತಿರಬೇಕು. ಮಲಗುಂಡಿಯ ದುರ್ವಾಯುವಿಗೂ ನಮಗೂ ನಡುವೆ ಇರುವುದು ಆ ನೀರಿನ ಕದವೊಂದೇ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಇಂಥ ಬಾಗುಗೊಳವೆಯುಳ್ಳ ಶೌಚಕ್ಕೆ ಪೇಟೆಂಟ್ ಪಡೆದದ್ದು 1775ರಲ್ಲಿ.

ಕೊಳವೆ ತುಂಬಿ ಧುಮುಕುವ ನೀರು ತನ್ನ ಹಿಂದೆ ಗಾಳಿಯನ್ನು ಸೆಳೆಯುತ್ತದೆ. ಮೇಲಿನ ಬಾಯಿ ತೆರೆದಿದ್ದರೆ ಆ ಗಾಳಿ ಅಲ್ಲಿಂದ ಇಳಿದುಬರುತ್ತದೆ; ಮುಚ್ಚಿದ್ದರೆ ಆ ಸೆಳೆತ ಪಕ್ಕದ ಬಚ್ಚಲ ಬಾಗಿನ ನೀರನ್ನೇ ಹೀರಿಬಿಡುತ್ತದೆ. ಶೌಚಕ್ಕೆ ನೀರು ಸುರಿದಾಗ ಬಚ್ಚಲು ಗುಳುಗುಳು ಎಂದರೆ, ಎಲ್ಲ ತೂಬುಗಳೂ ಒಮ್ಮೆಗೇ ನಿಧಾನವಾದರೆ, ಉಸಿರುಗೊಳವೆಯನ್ನು ಶಂಕಿಸಬೇಕು.

ಇದು ಬರಿಯ ನಾತದ ಪ್ರಶ್ನೆಯಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗ ತಗಲಿತು. ಬಚ್ಚಲುಗಳ ಬಾಗುಗೊಳವೆಗಳು ಒಣಗಿದ್ದುದರಿಂದ ಆ ದಾರಿಯಲ್ಲಿ ಸೋಂಕಿನ ಹನಿಗಳು ಮನೆಯೊಳಗೆ ಬಂದಿರಬೇಕೆಂದು ತನಿಖೆ ನಡೆಸಿದವರು ಹೇಳಿದರು. ಅಲ್ಲಿ ನೀರು ಬತ್ತಿದ ಕಾರಣ ಬೇರೆ. ಕದ ತೆರೆದರೆ ಏನು ಬರಬಹುದೆಂಬುದಕ್ಕೆ ಮಾತ್ರ ಅದು ಸಾಕ್ಷಿ.

ಮಳೆಗಾಲಕ್ಕೆ ಮುನ್ನ ನಾನು ತಾರಸಿ ಹತ್ತಿ ಆ ಕೊಳವೆಯನ್ನು ನೋಡುತ್ತೇನೆ. ಸೊಳ್ಳೆ ಬಾರದಿರಲೆಂದು ಕಟ್ಟಿದ ಜಾಲರಿಯ ಮೇಲೆ ಧೂಳು ಹೆಪ್ಪುಗಟ್ಟಿರುತ್ತದೆ. ಹಲವು ಸಲ ಅದನ್ನು ತೊಳೆದರೆ ಸಾಕು. ಜಾಲರಿ ಹರಿದಿದ್ದರೆ ಒಳಗೆ ಎಲೆ, ಕಣಜದ ಗೂಡು, ಗೊರವಂಕ ತಂದಿಟ್ಟ ಹುಲ್ಲು. ಇವನ್ನು ಕೊಕ್ಕೆಯಿಂದ ಮೇಲಕ್ಕೆ ಎಳೆಯಬೇಕು, ಕೆಳಕ್ಕೆ ನೂಕಬಾರದು. ಕೈಗೆಟುಕದ್ದನ್ನು ಬಳುಕುವ ಉಕ್ಕಿನ ತಂತಿ ಸಡಿಲಿಸುತ್ತದೆ. ಬಳಿಕ ನೀರನ್ನು ಮೆಲ್ಲಗೆ ಸುರಿಯಬೇಕು. ಕೆಳಗೆ ಒಬ್ಬರು ಬಚ್ಚಲನ್ನು ನೋಡುತ್ತಿರಬೇಕು. ನೀರು ಸರಾಗವಾಗಿ ಇಳಿದರೆ ದಾರಿ ಬಿಟ್ಟಿತು. ಕೊಳವೆಯ ಬಾಯಿಗೆ ಮುಖವೊಡ್ಡಬಾರದು, ಹತ್ತಿರ ಬೆಂಕಿ ತರಬಾರದು: ಒಳಗಿನ ಅನಿಲ ಹೊತ್ತಿಕೊಳ್ಳುವಂಥದು.

ಇಷ್ಟಾದರೂ ಬಚ್ಚಲು ಉಕ್ಕಿದರೆ ಅಡಚಣೆ ಕೆಳಗಿದೆ. ಆಗ ನಮ್ಮ ಊರುಗಳಲ್ಲಿ ಹೊಳೆಯುವ ಸುಲಭೋಪಾಯವೆಂದರೆ ಬಡವನೊಬ್ಬನನ್ನು ಕರೆದು ಗುಂಡಿಗಿಳಿಸುವುದು. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೊದಲು ಮೂಗನ್ನೇ ಮಂಕಾಗಿಸುತ್ತದೆ. ನಾತ ನಿಂತಿತೆಂದು ಅವನು ನೆಮ್ಮದಿಗೊಳ್ಳುವ ಹೊತ್ತಿಗೆ ಪ್ರಜ್ಞೆ ತಪ್ಪಬಹುದು. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆಮೇಲೂ ಸಾವುಗಳು ನಿಂತಿಲ್ಲ. ಹೀರುವ ಯಂತ್ರದ ಗಾಡಿ ಬರುವುದು ಎರಡು ದಿನ ತಡವಾದರೆ ಆ ಎರಡು ದಿನ ನಾವು ನಾತವನ್ನು ಸಹಿಸಿಕೊಳ್ಳೋಣ. ನಮ್ಮ ಮನೆಯ ಉಸಿರಿಗಾಗಿ ಇನ್ನೊಬ್ಬನ ಉಸಿರನ್ನು ಕೇಳುವುದು ಬೇಡ.